ದುರ್ಬೀನು ತಲುಪಿದ ದೂರ

ಬಾಯಿಯಿಂದಲೋ ಗುದದ್ವಾರದಿಂದಲೋ ಸಪೂರವಾದ ನಳಿಕೆಯೊಂದನ್ನು ಇಳಿಸಿ ಹೊಟ್ಟೆಯ ಒಳಮೈಯನ್ನು ಕಣ್ಣಾರೆ ಕಾಣುವ ಎಂಡೋಸ್ಕೋಪಿ ಪರೀಕ್ಷೆಗೆ ಜತ್ತ ತಾಲ್ಲೂಕಿನ ಕನ್ನಡದಲ್ಲಿ ರೂಢಿಯಾಗಿರುವ ಮಾತು ‘ದುರ್ಬೀನು ಹಾಕಿ ನೋಡುವುದು’. ನೆರೆಯ ಮರಾಠಿಯ ‘ದುರ್ಬೀಣ’ ಈ ಅರ್ಥಕ್ಕೆ ದಾರಿ ಮಾಡಿಕೊಟ್ಟಿತು. ಅದರ ಹಿಂದಿರುವ ಪಾರಸಿ ಶಬ್ದದಲ್ಲಿ ‘ದೂರ್’ ಎಂದರೆ ದೂರ, ‘ಬೀನ್’ ಎಂದರೆ ನೋಡುವಂಥದು. ಹಡಗನ್ನೂ ನಕ್ಷತ್ರವನ್ನೂ ನೋಡುವ ಸಾಧನದ ಹೆಸರು ಒಂದು ಗೇಣು ಆಚೆಗಿರುವ ಜಠರವನ್ನು ನೋಡುವ ಸಾಧನಕ್ಕೆ ಬಂದದ್ದು ಮೇಲುನೋಟಕ್ಕೆ ಅಸಂಗತವೆನಿಸಿದರೂ, ಮನುಷ್ಯನ ಕಣ್ಣಿಗೆ ಚಂದ್ರನ ಮೇಲಿನ ಕುಳಿಗಳು ಕಂಡ ಎರಡೂವರೆ ಶತಮಾನಗಳ ತರುವಾಯವಷ್ಟೇ ಬದುಕಿರುವ ಮನುಷ್ಯನ ಜಠರದ ಒಳಗೋಡೆ ನಳಿಕೆಯ ಮೂಲಕ ಕಂಡಿತೆಂಬುದನ್ನು ನೆನೆದರೆ ಹೆಸರು ಸರಿಯಾಗಿಯೇ ಇದೆ ಎನ್ನಬೇಕು. ಅನ್ನನಾಳ, ಜಠರ, ಕರುಳುಗಳ ಒಳಪದರದಲ್ಲಿ ಆಗತಾನೆ ಮೂಡಿದ ಗಂಟನ್ನು ಹೊಟ್ಟೆ ಕೊಯ್ಯದೆ, ಅದೇ ನಳಿಕೆಯೊಳಗಿಂದ ತಂತಿ ಮತ್ತು ಚೂರಿಗಳನ್ನು ಹಾಯಿಸಿ ಬಿಡಿಸಿ ತೆಗೆಯುವ ವಿದ್ಯೆಯ ಇತಿಹಾಸವನ್ನು ಜತ್ತದಂಥ ಗಡಿತಾಲ್ಲೂಕಿನಲ್ಲಿ ನಿಂತು ನೋಡಿದಾಗ ಎರಡು ದೂರಗಳು ಜೊತೆಜೊತೆಯಾಗಿ ಕಾಣುತ್ತವೆ: ಕಣ್ಣಿಗೂ ಕರುಳಿಗೂ ನಡುವೆ ಇದ್ದ ದೂರ ಒಂದು, ಊರಿಗೂ ದವಾಖಾನೆಗೂ ನಡುವಿನ ದೂರ ಇನ್ನೊಂದು.

ಸಾಂಗಲಿ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಮಳೆನೆರಳಿನ ಒಣ ಬಯಲಿನಲ್ಲಿ ಹರಡಿರುವ ಈ ತಾಲ್ಲೂಕಿನ ಉಮದಿ, ಸಂಖ, ಬಾಲಗಾಂವ, ಬಿಳೂರು, ಮುಚ್ಚಂಡಿ, ತಿಕ್ಕುಂಡಿ ಮೊದಲಾದ ಊರುಗಳಲ್ಲಿ ಮನೆಮಾತು ಕನ್ನಡ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು ಇಂದಿಗೂ ಇಲ್ಲಿವೆ. ಶರಣೆ ದಾನಮ್ಮ ಹುಟ್ಟಿದಳೆನ್ನುವ ಉಮರಾಣಿಯೂ ಅವಳ ಗುಡಿ ಇರುವ ಗುಡ್ಡಾಪುರವೂ ಇದೇ ತಾಲ್ಲೂಕಿನವು. ಡಫಳಾಪುರದ ಪಾಟೀಲಕಿಯಿಂದ ಮೇಲೆದ್ದು ಬಿಜಾಪುರದ ಆದಿಲಶಾಹಿಯಿಂದ ದೇಶಮುಖಿ ಪಡೆದ ಡಫಳೆ ಮನೆತನ ಆಳಿದ ಜತ್ತ ಸಂಸ್ಥಾನವು ಬ್ರಿಟಿಷರ ಕಾಲದಲ್ಲಿ ಬಿಜಾಪುರದ ಕಲೆಕ್ಟರರ ಮೇಲ್ವಿಚಾರಣೆಯಲ್ಲಿತ್ತು. 1948ರ ಮಾರ್ಚ್ 8ರಂದು ಮುಂಬೈ ಪ್ರಾಂತದಲ್ಲಿ ವಿಲೀನವಾದ ಅದು ಮರುವರ್ಷ ಹೊಸದಾಗಿ ರಚನೆಯಾದ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು. ಆ ಜಿಲ್ಲೆಗೆ 1960ರ ನವೆಂಬರಿನಲ್ಲಿ ಸಾಂಗಲಿ ಎಂಬ ಹೆಸರಾಯಿತು. ಇವೆರಡಕ್ಕೂ ನಡುವೆ, 1956ರ ನವೆಂಬರ್ 1ರಂದು ಬಿಜಾಪುರ ಜಿಲ್ಲೆಯು ಮುಂಬೈ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಹೋದಾಗ, ಅದುವರೆಗೆ ಒಂದೇ ಸರ್ಕಾರದ ಕೆಳಗಿದ್ದ ಉಮದಿ ಮತ್ತು ಬಿಜಾಪುರಗಳ ನಡುವಿನ ಹೊಲಗಳ ಮೇಲೆ ರಾಜ್ಯದ ಗಡಿ ಬಿದ್ದಿತು. ರೋಗಿಯ ದೃಷ್ಟಿಯಿಂದ ಈ ತಾರೀಖು ಸಣ್ಣದಲ್ಲ. ಪೂರ್ವದ ಹಳ್ಳಿಗಳಿಗೆ ಹತ್ತಿರದ ದೊಡ್ಡ ಪೇಟೆ ಬಿಜಾಪುರವೇ ಆಗಿದ್ದರೂ, ಸರ್ಕಾರದ ಕಾಗದಪತ್ರಗಳು ಅಲ್ಲಿಂದ ಮುಂದೆ ಪಶ್ಚಿಮಕ್ಕೆ, ಜತ್ತ ಪಟ್ಟಣದಿಂದಲೇ ಎಂಬತ್ತು ತೊಂಬತ್ತು ಕಿಲೋಮೀಟರು ಆಚೆಗಿರುವ ಸಾಂಗಲಿ–ಮಿರಜಗಳ ಕಡೆಗೆ ಹರಿಯತೊಡಗಿದವು.

ಹೊಟ್ಟೆಯೊಳಗಿನ ಗಂಟಿನ ಅರಿವು ಈ ನಾಡಿಗೆ ಹೊಸದೇನಲ್ಲ. ಆಯುರ್ವೇದದ ಗ್ರಂಥಗಳು ಗುಲ್ಮ, ಅರ್ಬುದ, ಅರ್ಶಸ್ಸು ಎಂಬ ಹೆಸರುಗಳಲ್ಲಿ ಅವನ್ನು ವಿಂಗಡಿಸಿದ್ದವು; ಇವುಗಳಲ್ಲಿ ಅರ್ಶಸ್ಸು ಎಂದರೆ ಆಡುಮಾತಿನ ಮೂಲವ್ಯಾಧಿ. ಸುಶ್ರುತಸಂಹಿತೆಯು ಲೆಕ್ಕ ಕೊಡುವ 101 ಯಂತ್ರಗಳಲ್ಲಿ ಇಪ್ಪತ್ತು ನಾಡೀಯಂತ್ರಗಳು, ಅಂದರೆ ಕೊಳವೆಯಾಕಾರದವು. ಅವುಗಳ ಪೈಕಿ ಅರ್ಶೋಯಂತ್ರವೆಂಬುದು ಹಸುವಿನ ಮೊಲೆಯ ಆಕಾರದ, ನಾಲ್ಕು ಅಂಗುಲ ಉದ್ದದ ಕೊಳವೆ. ನೋಡುವುದಕ್ಕೆ ಒಂದು, ಕ್ಷಾರವನ್ನೋ ಶಸ್ತ್ರವನ್ನೋ ಪ್ರಯೋಗಿಸುವುದಕ್ಕೆ ಇನ್ನೊಂದು ಎಂದು ಅದರಲ್ಲಿ ಬೇರೆಬೇರೆ ಕಂಡಿಗಳನ್ನು ಹೇಳಿರುವುದು ಗಮನಿಸತಕ್ಕ ಸಂಗತಿ. ನೋಟಕ್ಕೂ ಚಿಕಿತ್ಸೆಗೂ ಒಂದೇ ಕೊಳವೆಯಲ್ಲಿ ದಾರಿ ಮಾಡಬೇಕೆಂಬ ಯೋಚನೆ ಅಲ್ಲಿ ಸ್ಪಷ್ಟವಾಗಿಯೇ ಇದೆ. ಆದರೆ ಹೊರಗಿನ ಬೆಳಕು ಎಷ್ಟು ಒಳಗೆ ಹೋದೀತೋ ಅಷ್ಟೇ ಆ ವಿದ್ಯೆಯ ಎಲ್ಲೆಯಾದುದರಿಂದ, ನಾಲ್ಕು ಅಂಗುಲದ ಆಚೆಗಿನ ಕರುಳು ಊಹೆಯ ಪಾಲಾಗಿಯೇ ಉಳಿಯಿತು.

ಹಳ್ಳಿಯ ತಿಳಿವಳಿಕೆಯೂ ಈ ಎಲ್ಲೆಯೊಳಗೇ ಬೆಳೆದದ್ದು. ಮಲದಲ್ಲಿ ರಕ್ತ ಕಂಡರೆ ಅದು ಮೂಲವ್ಯಾಧಿ ಇಲ್ಲವೆ ‘ಉಷ್ಣ’, ಉಂಡದ್ದು ಮೇಲಕ್ಕೆ ಬಂದರೆ ‘ಪಿತ್ತ’. ಮಜ್ಜಿಗೆ, ಗುಲ್ಕಂದ, ಪಥ್ಯ, ಕೊನೆಗೆ ಮೂಲವ್ಯಾಧಿಗೆ ಔಷಧ ಕೊಡುವವರ ಮನೆ ಎಂಬುದು ಚಿಕಿತ್ಸೆಯ ಕ್ರಮ. ಈ ಕ್ರಮವನ್ನು ಅಜ್ಞಾನವೆಂದು ತಳ್ಳಿಬಿಡುವುದು ಸುಲಭವಾದರೂ ನ್ಯಾಯವಲ್ಲ, ಏಕೆಂದರೆ ರಕ್ತ ಕಂಡವರಲ್ಲಿ ಬಹುಪಾಲು ಜನಕ್ಕೆ ಇರುವುದು ನಿಜಕ್ಕೂ ಮೂಲವ್ಯಾಧಿಯೇ. ತೊಡಕಿರುವುದು ಉಳಿದ ಕೆಲವರಲ್ಲಿ: ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ಬೆಳೆದ ಗಂಟು ಸುರಿಸುವ ರಕ್ತವೂ ಅದೇ ಬಣ್ಣದ್ದು, ಅದೇ ದಾರಿಯದು, ಹೊರಗಿನಿಂದ ಎರಡನ್ನೂ ಬೇರ್ಪಡಿಸುವ ಉಪಾಯ ಯಾವ ವೈದ್ಯನಿಗೂ ಇರಲಿಲ್ಲ, ಇಂದಿಗೂ ಇಲ್ಲ.

ಕೃಷ್ಣಾ ಕೊಳ್ಳದ ಈ ಭಾಗಕ್ಕೆ ಪಶ್ಚಿಮದ ಶಸ್ತ್ರವೈದ್ಯ ಬಂದದ್ದು ಮಿರಜದ ಮೂಲಕ. ಕೆನಡಾದಲ್ಲಿ 1865ರಲ್ಲಿ ಹುಟ್ಟಿ, ನ್ಯೂಯಾರ್ಕಿನಲ್ಲಿ ವೈದ್ಯಶಿಕ್ಷಣ ಪಡೆದ ವಿಲಿಯಂ ಜೇಮ್ಸ್ ವಾನ್‌ಲೆಸ್ ಅವರು ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ವೈದ್ಯರಾಗಿ 1889ರಲ್ಲಿ ಭಾರತಕ್ಕೆ ಬಂದು, ಮೊದಲು ಸಾಂಗಲಿಯಲ್ಲಿದ್ದು, ಬಳಿಕ ಪಟವರ್ಧನರ ಸಂಸ್ಥಾನದ ಊರಾದ ಮಿರಜಕ್ಕೆ ನೆಲೆ ಬದಲಿಸಿದರು. ರೈಲು ಎಂಜಿನ್ ತಯಾರಿಸುವ ಬಾಲ್ಡ್‌ವಿನ್ ಕಾರ್ಖಾನೆಯ ಪಾಲುದಾರರಾಗಿದ್ದ ಫಿಲಡೆಲ್ಫಿಯಾದ ಜಾನ್ ಕಾನ್ವರ್ಸ್ ಎಂಬವರು ಕೊಟ್ಟ ಹಣದಿಂದ ಕಟ್ಟಿದ ಆಸ್ಪತ್ರೆ 1894ರಲ್ಲಿ ತೆರೆಯಿತು. 1897ರಲ್ಲಿ ಅದಕ್ಕೆ ಸೇರಿದಂತೆ ಸ್ಥಳೀಯ ತರುಣರಿಗೆ ವೈದ್ಯ ಕಲಿಸುವ ಶಾಲೆಯೂ ಆರಂಭವಾಯಿತು. ವಾನ್‌ಲೆಸ್ ನಿವೃತ್ತರಾದ 1928ರ ಹೊತ್ತಿಗೆ, ಅದೇ ವರ್ಷ ಅವರಿಗೆ ಬ್ರಿಟಿಷ್ ಸರ್ಕಾರದ ‘ಸರ್’ ಪದವಿಯೂ ಬಂದಾಗ, ‘ಮಿರಜದ ಮಿಷನ್ ದವಾಖಾನೆ’ ಎಂಬುದು ಮರಾಠಿ ಸೀಮೆಯಲ್ಲೂ ಉತ್ತರ ಕರ್ನಾಟಕದ ಹಳ್ಳಿಗಳಲ್ಲೂ ಮನೆಮಾತಾಗಿತ್ತು. ಕನ್ನಡನಾಡಿನ ಗವಾಯಿಗಳು ತಂಬೂರಿಗಾಗಿ ಹೋಗುತ್ತಿದ್ದ ಊರೂ ಇದೇ. ತಂಬೂರಿ ಮತ್ತು ಆಪರೇಷನ್ ಎಂಬ ಎರಡು ಕಸುಬುಗಳು ಒಂದೇ ಊರಿನ ಹೆಸರಿಗೆ ಅಂಟಿಕೊಂಡದ್ದು ಬೇರೆಲ್ಲೂ ಕಾಣದ ಜೋಡಿ.

ಜತ್ತದವರಿಗೆ ಮಿರಜ ಹತ್ತಿರವಾದದ್ದು ನಿಧಾನವಾಗಿ. ಬಾರ್ಶಿ ಲೈಟ್ ರೈಲ್ವೆ ಎಂಬ ಖಾಸಗಿ ಕಂಪನಿಯು ಎರಡೂವರೆ ಅಡಿ ಅಗಲದ ತನ್ನ ಕಿರುದಾರಿಯನ್ನು ಪಂಢರಪುರದಿಂದ ಮಿರಜಕ್ಕೆ ಮುಂದುವರಿಸಿದ್ದು 1927ರಲ್ಲಿ. ಆ ದಾರಿಯ ಒಂದು ನಿಲ್ದಾಣಕ್ಕೆ ಇಟ್ಟ ಹೆಸರು ‘ಜತ್ತ ರೋಡ್’. ರೈಲು ಇಲಾಖೆಯ ಭಾಷೆಯಲ್ಲಿ ‘ರೋಡ್’ ಸೇರಿದ ನಿಲ್ದಾಣವೆಂದರೆ ಊರು ಇಲ್ಲಿಲ್ಲ, ಊರಿಗೆ ಹೋಗುವ ರಸ್ತೆ ಇಲ್ಲಿಂದ ಆರಂಭ ಎಂದು ತಿಳಿಯಬೇಕು. ಚಕ್ಕಡಿಯಲ್ಲಿ ಮಲಗಿಸಿ ಕರೆತಂದ ರೋಗಿಯನ್ನು ಅಲ್ಲಿ ಇಳಿಸಿ, ಕಿರುಗಾಡಿ ಹತ್ತಿಸಿ ಮಿರಜ ಮುಟ್ಟಿಸುವ ಹೊತ್ತಿಗೆ ಗಂಟು ಕೈಗೆ ಸಿಗುವಷ್ಟು ದೊಡ್ಡದಾಗಿರುತ್ತಿತ್ತು ಎಂಬುದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ಕೈಗೆ ಸಿಗದ ಗಂಟಿಗಾಗಿ ಅಷ್ಟು ದೂರ ಯಾರೂ ಹೊರಡುತ್ತಿರಲಿಲ್ಲ.

ಆ ಕಾಲದ ಜಗತ್ತಿನ ಅತಿ ದೊಡ್ಡ ಶಸ್ತ್ರವೈದ್ಯರ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ. ವಿಯೆನ್ನಾದ ಥಿಯೊಡೋರ್ ಬಿಲ್‌ರೋತ್ 1881ರ ಜನವರಿ 29ರಂದು 43 ವರ್ಷದ ಹೆಣ್ಣುಮಗಳೊಬ್ಬಳ ಜಠರದ ಕೆಳಭಾಗದ ಏಡಿಗಂತಿಯನ್ನು, ಅಂದರೆ ಕ್ಯಾನ್ಸರ್ ಗಂಟನ್ನು, ಕತ್ತರಿಸಿ ತೆಗೆದು ಉಳಿದ ತುದಿಗಳನ್ನು ಹೊಲಿದು ಕೂಡಿಸಿದರು. ಇದೇ ಮೊದಲ ಯಶಸ್ವಿ ಜಠರಚ್ಛೇದನವೆಂದು ಇತಿಹಾಸದಲ್ಲಿ ದಾಖಲಾಗಿದ್ದರೂ ರೋಗಿ ಬದುಕಿದ್ದು ನಾಲ್ಕು ತಿಂಗಳ ಸುಮಾರು ಮಾತ್ರ, ಏಕೆಂದರೆ ರೋಗ ಆಗಲೇ ಬೇರೆಡೆ ಹರಡಿತ್ತು. ಶಸ್ತ್ರವೈದ್ಯನ ಕೈ ಎಷ್ಟು ಪಳಗಿದರೂ ಕಣ್ಣು ತಡವಾಗಿ ತಲುಪುತ್ತಿದ್ದುದರಿಂದ, ಆ ಶತಮಾನದ ಉಳಿದ ಭಾಗವೂ ಮುಂದಿನ ಶತಮಾನದ ಮೊದಲರ್ಧವೂ ಹೆಚ್ಚುಕಡಿಮೆ ತಡವಾಗಿ ಬಂದ ಗಂಟುಗಳನ್ನು ಕುಶಲವಾಗಿ ಕತ್ತರಿಸುವುದರಲ್ಲೇ ಕಳೆದುಹೋಯಿತು.

ಕಣ್ಣನ್ನು ಒಳಗೆ ಕಳಿಸುವ ಪ್ರಯತ್ನ ಇದಕ್ಕೂ ಮೊದಲೇ ಶುರುವಾಗಿತ್ತು. ಫ್ರಾಂಕ್‌ಫರ್ಟಿನ ಫಿಲಿಪ್ ಬೊಟ್ಸಿನಿ 1806ರಲ್ಲಿ ಮೇಣದ ಬತ್ತಿಯ ಬೆಳಕನ್ನು ಕನ್ನಡಿಯಿಂದ ಕೊಳವೆಯೊಳಗೆ ತಿರುಗಿಸುವ ಸಾಧನ ಮಾಡಿದರು. ಪ್ಯಾರಿಸ್ಸಿನ ದೆಸೊರ್ಮೊ 1853ರಲ್ಲಿ ಮದ್ಯಸಾರ ಮತ್ತು ಟರ್ಪೆಂಟೈನ್ ಉರಿಸುವ ದೀಪ ಜೋಡಿಸಿದರು. ಜರ್ಮನಿಯ ಫ್ರೈಬುರ್ಗಿನಲ್ಲಿ ಅಡಾಲ್ಫ್ ಕುಸ್ಮೌಲ್ 1868ರಲ್ಲಿ, ಕತ್ತಿ ನುಂಗಿ ಹೊಟ್ಟೆ ಹೊರೆಯುತ್ತಿದ್ದ ಆಟಗಾರನೊಬ್ಬನನ್ನು ಕರೆಸಿ, ತಲೆಯನ್ನು ಹಿಂದಕ್ಕೆ ಬಾಗಿಸಿದರೆ ಬಾಯಿ, ಗಂಟಲು, ಅನ್ನನಾಳಗಳು ಒಂದೇ ಗೆರೆಗೆ ಬರುತ್ತವೆಂಬುದನ್ನು ಅವನಿಂದಲೇ ತಿಳಿದು, 47 ಸೆಂಟಿಮೀಟರು ಉದ್ದದ ಲೋಹದ ಕೊಳವೆಯನ್ನು ಜಠರದವರೆಗೆ ಇಳಿಸಿದರು. ಬೆಳಕು ಸಾಲದೆ ಕಂಡದ್ದು ತೀರ ಕಡಿಮೆ. ಜಾತ್ರೆಯ ಆಟಗಾರನಿಂದ ವೈದ್ಯವಿದ್ಯೆ ಪಾಠ ಕಲಿತ ಈ ಸಂದರ್ಭವನ್ನು ಇತಿಹಾಸಕಾರರು ತಮಾಷೆಯ ಧಾಟಿಯಲ್ಲಿ ಹೇಳಿ ಮುಗಿಸುವುದುಂಟು. ಆದರೆ ಮುಂದಿನ 60 ವರ್ಷಗಳ ಸಮಸ್ಯೆಯೆಲ್ಲ ಅದರಲ್ಲಿಯೇ ಅಡಗಿದೆ. ಬೆಳಕು ನೇರ ಗೆರೆಯಲ್ಲಿ ಹೋಗುತ್ತದೆ, ಕರುಳು ಹೋಗುವುದಿಲ್ಲ. ಸಾಮಾನ್ಯ ರೋಗಿ ಕತ್ತಿ ನುಂಗುವವನಲ್ಲ.

ಮ್ಯೂನಿಕ್ಕಿನ ರುಡಾಲ್ಫ್ ಷಿಂಡ್ಲರ್ 1932ರಲ್ಲಿ ಹತ್ತಾರು ಚಿಕ್ಕ ಲೆನ್ಸುಗಳನ್ನು ಸಾಲಾಗಿಟ್ಟು, ಕೆಳಭಾಗ ಸ್ವಲ್ಪ ಬಾಗುವಂಥ ಗ್ಯಾಸ್ಟ್ರೋಸ್ಕೋಪನ್ನು ರೂಪಿಸಿದಾಗ ಪರಿಸ್ಥಿತಿ ಸುಧಾರಿಸಿತಾದರೂ, ಅದನ್ನು ಇಳಿಸುವಾಗ ರೋಗಿಯ ತಲೆಯನ್ನು ಸರಿಯಾದ ಕೋನದಲ್ಲಿ ಹಿಡಿಯುವುದೇ ಒಂದು ಕಲೆಯಾಗಿತ್ತು. ಆ ಕೆಲಸವನ್ನು ಅವರ ಪತ್ನಿ ಗೇಬ್ರಿಯೆಲ್ ಮಾಡುತ್ತಿದ್ದರು. ಜಪಾನಿನಲ್ಲಿ 1950ರಲ್ಲಿ ವೈದ್ಯ ಉಜಿ ತತ್ಸುರೊ ಮತ್ತು ಒಲಿಂಪಸ್ ಕಂಪನಿಯ ಎಂಜಿನಿಯರುಗಳು ಬೇರೆಯೇ ದಾರಿ ಹಿಡಿದು, ನಳಿಕೆಯ ತುದಿಯಲ್ಲಿ ಪುಟ್ಟ ಕ್ಯಾಮೆರಾವನ್ನೂ ಬಲ್ಬನ್ನೂ ಕೂಡಿಸಿ ನುಂಗಿಸಿದರು. ವೈದ್ಯನಿಗೆ ಆ ಕ್ಷಣದಲ್ಲಿ ಏನೂ ಕಾಣುತ್ತಿರಲಿಲ್ಲ. ಕೋಣೆಯನ್ನು ಕತ್ತಲು ಮಾಡಿ, ಹೊಟ್ಟೆಯ ಚರ್ಮದ ಮೇಲೆ ಮಿನುಗುವ ಬೆಳಕನ್ನು ನೋಡಿ ಕ್ಯಾಮೆರಾ ಎಲ್ಲಿದೆಯೆಂದು ಅಂದಾಜು ಮಾಡಿ, ಫಿಲ್ಮನ್ನು ಆಮೇಲೆ ತೊಳೆದು ನೋಡಬೇಕಾಗಿತ್ತು.

ಬೆಳಕನ್ನು ಬಾಗಿಸಿದ ಕೆಲಸದಲ್ಲಿ ಒಬ್ಬ ಭಾರತೀಯನ ಪಾಲು ದೊಡ್ಡದು. ಪಂಜಾಬಿನ ಮೋಗಾದಲ್ಲಿ 1926ರಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಅವರು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಅವರೊಂದಿಗೆ, ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂದು ತೋರಿಸಿದ ಲೇಖನ 1954ರ ಜನವರಿಯ ‘ನೇಚರ್’ ಪತ್ರಿಕೆಯಲ್ಲಿ ಬಂದಿತು. ಅದನ್ನು ಓದಿದ ಬೇಸಿಲ್ ಹರ್ಷೊವಿಟ್ಸ್ ಎಂಬ ದಕ್ಷಿಣ ಆಫ್ರಿಕಾ ಮೂಲದ ವೈದ್ಯರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿಗಳ ಜೊತೆಗೂಡಿ, ಒಂದು ಎಳೆಯ ಬೆಳಕು ಪಕ್ಕದ ಎಳೆಗೆ ಸೋರಿಹೋಗದಂತೆ ಪ್ರತಿಯೊಂದಕ್ಕೂ ಬೇರೆ ಬಗೆಯ ಗಾಜಿನ ಹೊದಿಕೆ ತೊಡಿಸಿ, 1957ರಲ್ಲಿ ಪೂರ್ತಿ ಬಾಗುವ ಫೈಬರ್‌ಸ್ಕೋಪನ್ನು ಸಿದ್ಧಗೊಳಿಸಿ ಮೊದಲು ತಾವೇ ನುಂಗಿ ನೋಡಿದರು. ಕಪಾನಿಯವರಿಗೆ ಪದ್ಮವಿಭೂಷಣ ಸಂದದ್ದು 2021ರಲ್ಲಿ, ಅವರು ತೀರಿಕೊಂಡ ಮೇಲೆ.

ಕಣ್ಣು ಒಳಗೆ ಹೋದ ಮೇಲೆ, ಏನನ್ನು ನೋಡಬೇಕೆಂಬ ಪ್ರಶ್ನೆ ಎದ್ದಿತು. ಜೀರ್ಣನಾಳದ ಗೋಡೆ ಕೆಲವೇ ಮಿಲಿಮೀಟರು ದಪ್ಪದ್ದಾದರೂ ಪದರುಪದರಾಗಿದೆ: ಒಳಗಡೆ ಲೋಳ್ಪೊರೆ, ಅದರ ಕೆಳಗೆ ರಕ್ತನಾಳಗಳೂ ಲಿಂಫ್ ಹರಿಯುವ ಹಾಲ್ರಸನಾಳಗಳೂ ಹಾದುಹೋಗುವ ಸಡಿಲವಾದ ಅಡಿಪೊರೆ, ಅದರಾಚೆ ಆಹಾರವನ್ನು ಮುಂದೂಡುವ ಸ್ನಾಯುಪದರ. ಕ್ಯಾನ್ಸರು ಮೊದಲು ಮೊಳೆಯುವುದು ಲೋಳ್ಪೊರೆಯಲ್ಲಿ. ಅದು ಅಲ್ಲಿಯೇ ಇರುವವರೆಗೆ ದೇಹದ ಬೇರೆಡೆಗೆ ಹೋಗುವ ದಾರಿ ಅದಕ್ಕೆ ಹೆಚ್ಚುಕಡಿಮೆ ಇಲ್ಲ. ಅಡಿಪೊರೆಯನ್ನು ಆಳವಾಗಿ ಹೊಕ್ಕಿತೆಂದರೆ ಹಾಲ್ರಸನಾಳಗಳ ಮೂಲಕ ಗ್ರಂಥಿಗಳಿಗೆ ಹರಡುತ್ತದೆ. ಜಠರದ ಕ್ಯಾನ್ಸರು ಅತಿಯಾಗಿದ್ದ ಜಪಾನಿನಲ್ಲಿ 1962ರಲ್ಲಿ ವೈದ್ಯರು ಕೂಡಿ, ಲೋಳ್ಪೊರೆ ಮತ್ತು ಅಡಿಪೊರೆಗಳನ್ನು ದಾಟದ ಗಂಟನ್ನು ‘ಆರಂಭಿಕ ಕ್ಯಾನ್ಸರ್’ ಎಂದು ಕರೆಯುವ ನಿರ್ಣಯ ಮಾಡಿದರು. ಈ ವ್ಯಾಖ್ಯೆಯ ವಿಶೇಷವೆಂದರೆ, ಅಲ್ಲಿ ಗಂಟಿನ ಅಗಲ ಮುಖ್ಯವಲ್ಲ, ಆಳವೇ ಎಲ್ಲ. ಕೈಗೆ ಸಿಗುವುದನ್ನೇ ಗಂಟು ಎನ್ನುತ್ತಿದ್ದ ಕಾಲ ಅಲ್ಲಿಗೆ ಮುಗಿದು, ಬೆರಳಿಗೂ ಕ್ಷಕಿರಣಕ್ಕೂ ತಪ್ಪಿಸಿಕೊಳ್ಳುವ, ಬರೀ ಬಣ್ಣ ಮಾಸಿದಂತೆ ಕಾಣುವ ಚಪ್ಪಟೆ ಕಲೆಯನ್ನೂ ಗಂಟೆಂದು ಎಣಿಸುವ ಕಾಲ ಬಂದಿತು.

ನೋಡಿದ್ದನ್ನು ಅಲ್ಲಿಯೇ ತೆಗೆಯುವ ಹೆಜ್ಜೆ ಇಟ್ಟದ್ದು ದೊಡ್ಡ ಕರುಳಿನಲ್ಲಿ. ನ್ಯೂಯಾರ್ಕಿನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ ವಿಲಿಯಂ ವುಲ್ಫ್ ಮತ್ತು ಜಪಾನ್ ಮೂಲದ ಹಿರೋಮಿ ಷಿನ್ಯ 1969ರಲ್ಲಿ, ತೊಟ್ಟಿನ ಮೇಲೆ ಅಣಬೆಯಂತೆ ನಿಂತಿರುವ ಪಾಲಿಪ್ ಎಂಬ ಗಂಟಿನ ಕೊರಳಿಗೆ ನಳಿಕೆಯೊಳಗಿಂದ ತಂತಿಯ ಕುಣಿಕೆ ಹಾಕಿ, ಬಿಗಿದು, ವಿದ್ಯುತ್ತನ್ನು ಹಾಯಿಸಿ ಕತ್ತರಿಸಿದರು. ವಿದ್ಯುತ್ತಿನ ಬಿಸಿಯೇ ರಕ್ತನಾಳವನ್ನು ಸುಟ್ಟು ಮುಚ್ಚುವುದರಿಂದ ರಕ್ತ ಸುರಿಯುವುದೂ ಅಲ್ಲಿಗೇ ನಿಲ್ಲುತ್ತದೆ. ಕರುಳಿನ ಕ್ಯಾನ್ಸರುಗಳಲ್ಲಿ ಬಹುಪಾಲು ಇಂಥ ಪಾಲಿಪ್ಪುಗಳಿಂದ, ಹತ್ತು ವರ್ಷಗಳಷ್ಟು ಅವಧಿಯಲ್ಲಿ ಬೆಳೆಯುತ್ತವೆಂಬ ಊಹೆಗೆ 1993ರಲ್ಲಿ ಅಮೆರಿಕದ ರಾಷ್ಟ್ರೀಯ ಪಾಲಿಪ್ ಅಧ್ಯಯನದಿಂದ ಆಧಾರ ಸಿಕ್ಕಿತು: ಪಾಲಿಪ್ ತೆಗೆಸಿಕೊಂಡ 1,418 ಜನರನ್ನು ವರ್ಷಗಟ್ಟಲೆ ಗಮನಿಸಿದಾಗ, ನಿರೀಕ್ಷಿತ ಪ್ರಮಾಣಕ್ಕೆ ಹೋಲಿಸಿದರೆ ಕ್ಯಾನ್ಸರು ನೂರಕ್ಕೆ 76ರಿಂದ 90ರಷ್ಟು ಕಡಿಮೆಯಾಗಿತ್ತು.

ತೊಟ್ಟಿಲ್ಲದೆ ಗೋಡೆಗೆ ಅಂಟಿಕೊಂಡು ಹರಡಿದ ಗಂಟಿಗೆ ಕುಣಿಕೆ ಕೂರುವುದಿಲ್ಲ; ಬಲವಂತವಾಗಿ ಬಿಗಿದರೆ ಸ್ನಾಯುಪದರವೂ ಸಿಕ್ಕಿ ಕರುಳು ತೂತಾಗುತ್ತದೆ. ಇದಕ್ಕೆ ಕಂಡುಕೊಂಡ ಉಪಾಯವನ್ನು ಜತ್ತದ ಅಡಿಗೆಮನೆಯಿಂದಲೇ ವಿವರಿಸಬಹುದು. ಹಂಚಿನ ಮೇಲೆ ಹಾಕಿದ ಜೋಳದ ರೊಟ್ಟಿಯ ಎರಡು ಮೈಗಳ ನಡುವೆ ಹಬೆ ಹೊಕ್ಕಾಗ ಮೇಲಿನ ಪದರ ಕೆಳಗಿನದರಿಂದ ಬಿಟ್ಟುಕೊಂಡು ಉಬ್ಬುತ್ತದೆ. ಉಬ್ಬಿದ ಪದರವನ್ನು ಕೆಳಗಿನದಕ್ಕೆ ಧಕ್ಕೆಯಾಗದಂತೆ ಹರಿದು ತೆಗೆಯಬಹುದು. ಹಾಗೆಯೇ ಗಂಟಿನ ಕೆಳಗಿನ ಅಡಿಪೊರೆಗೆ ಸೂಜಿಯಿಂದ ಲವಣಜಲ ತುಂಬಿದರೆ ಲೋಳ್ಪೊರೆ ಗಂಟಿನ ಸಮೇತ ಮೇಲೇಳುತ್ತದೆ, ಸ್ನಾಯುಪದರ ಕೆಳಗೆ ದೂರ ಉಳಿಯುತ್ತದೆ. ನಾರ್ಮನ್ ರೋಸೆನ್‌ಬರ್ಗ್ 1955ರಲ್ಲಿ ಗಟ್ಟಿ ಕೊಳವೆಯ ಮೂಲಕ ಮಲಾಶಯದಲ್ಲಿ ಇದನ್ನು ಮಾಡಿದ್ದರು. ಪೀಟರ್ ಡೈಲೆ 1973ರಲ್ಲಿ ಬಾಗುವ ನಳಿಕೆಯಿಂದ ದೊಡ್ಡ ಕರುಳಿನಲ್ಲಿ ಮಾಡಿದರು. 1984ರಲ್ಲಿ ಜಪಾನಿನ ತಾದ ಮತ್ತು ಸಂಗಡಿಗರು ಜಠರಕ್ಕೆ ಅನ್ವಯಿಸಿದರು. ಲೋಳ್ಪೊರೆಯ ಎಂಡೋಸ್ಕೋಪಿ ಛೇದನ ಎಂದು ಹೇಳಬಹುದಾದ ಈ ವಿಧಾನಕ್ಕೆ ವೈದ್ಯರ ನಡುವಿನ ಸಂಕ್ಷಿಪ್ತ ಹೆಸರು ಇಎಂಆರ್. ರೊಟ್ಟಿಯ ಹೋಲಿಕೆ ಇನ್ನೊಂದು ಹೆಜ್ಜೆ ಮುಂದಕ್ಕೂ ಸಾಗುತ್ತದೆ: ಎರಡು ಮೈ ಅಂಟಿಕೊಂಡ ಜಾಗದಲ್ಲಿ ರೊಟ್ಟಿ ಉಬ್ಬದಿರುವಂತೆ, ಬೇರು ಆಳಕ್ಕೆ ಇಳಿದ ಗಂಟು ಎಷ್ಟು ನೀರು ತುಂಬಿದರೂ ಏಳುವುದಿಲ್ಲ, ಅದನ್ನು ಕಂಡ ವೈದ್ಯ ಅಲ್ಲಿಗೇ ಕೈ ತೆಗೆದು ಶಸ್ತ್ರವೈದ್ಯನಿಗೆ ಒಪ್ಪಿಸುತ್ತಾನೆ.

ಕುಣಿಕೆಗೆ ಸುಮಾರು ಎರಡು ಸೆಂಟಿಮೀಟರಿನ ಮಿತಿ ಇದೆ; ಅದಕ್ಕಿಂತ ಅಗಲವಾದದ್ದನ್ನು ತುಂಡುತುಂಡಾಗಿ ತೆಗೆಯಬೇಕು, ತುಂಡಾಗಿ ತೆಗೆದರೆ ಅಂಚಿನಲ್ಲಿ ಏನಾದರೂ ಉಳಿಯಿತೋ ಇಲ್ಲವೋ ಹೇಳಲಾಗದು. ಈ ಅನುಮಾನವೇ ಮುಂದಿನ ಆವಿಷ್ಕಾರಕ್ಕೆ ಕಾರಣವಾಗಿ, 1990ರ ದಶಕದ ಕೊನೆಯಲ್ಲಿ ಟೋಕಿಯೊದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದ ವೈದ್ಯರು, ತುದಿಯಲ್ಲಿ ಪಿಂಗಾಣಿಯ ಪುಟ್ಟ ಗುಂಡು ಇರುವ ವಿದ್ಯುತ್ ಚೂರಿಯನ್ನು ಬಳಕೆಗೆ ತಂದರು. ವಿದ್ಯುತ್ತು ಹರಿಯದ ಆ ಗುಂಡು ಚೂರಿಯ ಮೊನೆ ಸ್ನಾಯುವಿಗೆ ನಾಟದಂತೆ ತಡೆಯುವುದರಿಂದ, ಗಂಟಿನ ಸುತ್ತ ಲೋಳ್ಪೊರೆಯನ್ನು ವೃತ್ತಾಕಾರವಾಗಿ ಕೊಯ್ದು, ಕೆಳಗಿನ ಅಡಿಪೊರೆಯನ್ನು ಎಳೆ ಎಳೆಯಾಗಿ ಬಿಡಿಸುತ್ತ ಹೋಗಿ, ಎಷ್ಟೇ ಅಗಲವಿದ್ದರೂ ಇಡೀ ಗಂಟನ್ನು ಒಂದೇ ಹಾಳೆಯಾಗಿ ತೆಗೆಯುವುದು ಸಾಧ್ಯವಾಯಿತು. ಇದು ಇಎಸ್‌ಡಿ, ಅಂದರೆ ಅಡಿಪೊರೆಯನ್ನು ಸೀಳಿ ಬಿಡಿಸುವ ವಿಧಾನ. ಯಾವ ಗಂಟನ್ನು ಹೀಗೆ ತೆಗೆದರೆ ಸಾಕು ಎಂಬುದಕ್ಕೆ ಉತ್ತರ ಕೊಟ್ಟದ್ದು ಹಳೆಯ ಶಸ್ತ್ರಚಿಕಿತ್ಸೆಗಳ ಕಡತಗಳೇ. ಆರಂಭಿಕ ಕ್ಯಾನ್ಸರಿಗಾಗಿ ಜಠರ ಕತ್ತರಿಸಿಕೊಂಡಿದ್ದ 5,265 ರೋಗಿಗಳ ದಾಖಲೆಯನ್ನು ಗೊತೊದ ಮತ್ತು ಸಂಗಡಿಗರು ತಿರುವಿಹಾಕಿ 2000ದಲ್ಲಿ ಪ್ರಕಟಿಸಿದಾಗ, ಲೋಳ್ಪೊರೆಯನ್ನು ದಾಟದ, ಜೀವಕೋಶಗಳ ರಚನೆ ಪೂರ್ತಿ ಕೆಡದ, ಮೂರು ಸೆಂಟಿಮೀಟರಿಗಿಂತ ಚಿಕ್ಕದಾದ 1,230 ಗಂಟುಗಳಲ್ಲಿ ಒಂದೂ ಗ್ರಂಥಿಗೆ ಹರಡಿರಲಿಲ್ಲವೆಂದು ಕಂಡಿತು. ಅಂಥ ರೋಗಿಗಳಿಗೆ ಜಠರವನ್ನೇ ತೆಗೆದದ್ದು ಅವಶ್ಯವಿರಲಿಲ್ಲವೆಂಬುದು ಇದರ ಇನ್ನೊಂದು ಅರ್ಥ. ವೈದ್ಯವೃತ್ತಿ ತನ್ನ ಕಡತಗಳನ್ನು ತಾನೇ ಬಿಚ್ಚಿ ಇಂಥ ಲೆಕ್ಕ ಒಪ್ಪಿಸುವುದು ವಿರಳ. ಜಪಾನಿನ ಆರೋಗ್ಯ ವಿಮೆ ಜಠರದ ಇಎಸ್‌ಡಿಯನ್ನು 2006ರಲ್ಲಿ ಒಪ್ಪಿಕೊಂಡಿತು.

ಕೆಲಸ ನಡೆಯುವ ಬಗೆ ಹೀಗೆ. ದೊಡ್ಡ ಕರುಳಿನ ಪರೀಕ್ಷೆಯಾದರೆ ಹಿಂದಿನ ದಿನವೇ ಲೀಟರುಗಟ್ಟಲೆ ನೀರಿನಲ್ಲಿ ಕಲಿಸಿದ ಭೇದಿಪುಡಿಯನ್ನು ಕುಡಿದು, ಕೊನೆಗೆ ತಿಳಿನೀರೇ ಹೋಗುವವರೆಗೆ ಕರುಳನ್ನು ತೊಳೆದುಕೊಂಡ ರೋಗಿ ಎಡಮಗ್ಗುಲಾಗಿ ಮಲಗುತ್ತಾನೆ. ಪರದೆಯ ಮೇಲೆ ಒದ್ದೆಯಾದ ಗುಲಾಬಿ ಬಣ್ಣದ ಗುಹೆ, ಅದರ ಮಡಿಕೆಯೊಂದರ ಮೇಲೆ ಕೆನೆಕಟ್ಟಿದಂಥ ಚಪ್ಪಟೆ ಕಲೆ. ನೀಲಿಯ ಬಣ್ಣ ಬೆರೆಸಿದ ದ್ರವವನ್ನು ಸೂಜಿ ಚುಚ್ಚಿ ಬಿಡುತ್ತಿದ್ದಂತೆ ಕಲೆಯ ಕೆಳಗೆ ನೀಲಿ ದಿಬ್ಬವೊಂದು ಏಳುತ್ತದೆ. ನೀಲಿ ಇರುವವರೆಗೆ ಅಡಿಪೊರೆ, ನೀಲಿ ಮುಗಿದು ಬಿಳಿ ನಾರು ಕಂಡರೆ ಸ್ನಾಯು, ಅಲ್ಲಿ ಚೂರಿ ನಿಲ್ಲಬೇಕು. ಬಿಡಿಸಿ ತೆಗೆದ ಹಾಳೆಯನ್ನು ಹಾಗೆಯೇ ಸೀಸೆಗೆ ಹಾಕಿದರೆ ಸುರುಟಿಕೊಳ್ಳುವುದರಿಂದ, ಬೆಂಡಿನ ಮೇಲೆ ಹರಡಿ, ಸುತ್ತಲೂ ಗುಂಡುಸೂಜಿ ಚುಚ್ಚಿ, ಫಾರ್ಮಲಿನ್ನಿನಲ್ಲಿ ಮುಳುಗಿಸಿ ರೋಗಶಾಸ್ತ್ರಜ್ಞರಿಗೆ ಕಳಿಸುತ್ತಾರೆ. ಅವರು ಅದನ್ನು ಎರಡು ಮಿಲಿಮೀಟರಿನ ಪಟ್ಟಿಗಳಾಗಿ ಕೊಯ್ದು, ಅಂಚಿಗೆ ರೋಗ ತಾಗಿದೆಯೇ, ಅಡಿಪೊರೆಯೊಳಕ್ಕೆ ಎಷ್ಟು ಇಳಿದಿದೆ ಎಂದು ಅಳೆಯುತ್ತಾರೆ. ಜಠರದಲ್ಲಾದರೆ ಅರ್ಧ ಮಿಲಿಮೀಟರಿಗಿಂತ ಆಳಕ್ಕೆ ಇಳಿದಿದ್ದರೆ ಮಾಡಿದ ಚಿಕಿತ್ಸೆ ಸಾಲದು, ಹೊಟ್ಟೆ ಕೊಯ್ಯುವ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಹೀಗೆ ತೀರ್ಮಾನದ ಕೊನೆಯ ಮಾತು ರೋಗಿ ಮನೆಗೆ ಹೋದ ಮೇಲೆ, ಕಾಗದದಲ್ಲಿ ಬರುತ್ತದೆ.

ಭಾರತದಲ್ಲಿ ಎಂಡೋಸ್ಕೋಪಿ ವೈದ್ಯರ ಸಂಘ 1979ರಲ್ಲಿ ರೂಪುಗೊಂಡಿತು. ಹೈದರಾಬಾದಿನಲ್ಲಿ ಡಿ. ನಾಗೇಶ್ವರ ರೆಡ್ಡಿಯವರ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿ 1990ರ ದಶಕದಿಂದ ಈ ವಿದ್ಯೆಯ ದೊಡ್ಡ ಪಾಠಶಾಲೆಯಾಗಿದೆ. ಜತ್ತವನ್ನು ಸುತ್ತುವರಿದ ಊರುಗಳಲ್ಲಿ ವೈದ್ಯಶಿಕ್ಷಣದ ನೆಲೆಗಳು ಹುಟ್ಟಿದ ಕ್ರಮವೂ ಗಮನಾರ್ಹ: ಮಿರಜದ ಸರ್ಕಾರಿ ವೈದ್ಯಕೀಯ ಕಾಲೇಜು 1962ರದು, ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜೂ ಸೋಲಾಪುರದ್ದೂ 1963ರವು, ವಿಜಯಪುರದಲ್ಲಿ, ಅಂದರೆ ಹಿಂದಿನ ಬಿಜಾಪುರದಲ್ಲಿ, ಬಿಎಲ್‌ಡಿಇ ಸಂಸ್ಥೆಯ ಕಾಲೇಜು 1986ರದು. ನಾಲ್ಕು ದಿಕ್ಕಿಗೂ ದವಾಖಾನೆಗಳ ಊರುಗಳಿದ್ದು, ನಡುವಿನ ತಾಲ್ಲೂಕು ಮಾತ್ರ ಎಲ್ಲದರಿಂದಲೂ ಅರ್ಧ ದಿನದ ಬಸ್ಸಿನ ದೂರದಲ್ಲಿ ಉಳಿಯಿತು. ಬಾರ್ಶಿಯ ಕಿರುದಾರಿ 2010ರ ಸುಮಾರಿಗೆ ಅಗಲವಾಯಿತಾದರೂ ‘ಜತ್ತ ರೋಡ್’ ತನ್ನ ಹೆಸರನ್ನು ಕಳೆದುಕೊಳ್ಳಲಿಲ್ಲ.

ಜಪಾನಿನಲ್ಲಿ ಈ ಚಿಕಿತ್ಸೆ ದಿನನಿತ್ಯದ್ದಾಗಿದ್ದರೆ ಇಲ್ಲಿ ವಿರಳವಾಗಿರುವುದಕ್ಕೆ ಕೈಚಳಕದ ಕೊರತೆ ಕಾರಣವಲ್ಲ. ತೆಗೆಯಲು ಯೋಗ್ಯವಾದ ಹಂತದಲ್ಲಿ ಗಂಟು ಕಣ್ಣಿಗೆ ಬೀಳುವುದೇ ಅಪರೂಪ. ಅಲ್ಲಿ 1960ರ ದಶಕದಿಂದ ಕ್ಷಕಿರಣ ಯಂತ್ರವನ್ನು ಬಸ್ಸಿನಲ್ಲಿಟ್ಟು ಊರೂರಿಗೆ ಒಯ್ದರು. ಭಾರತದಲ್ಲಿ ಜಠರ ಮತ್ತು ಕರುಳಿನ ಕ್ಯಾನ್ಸರಿನ ಪ್ರಮಾಣ ಅಷ್ಟಿಲ್ಲದ ಕಾರಣ ಸರ್ಕಾರದ ತಪಾಸಣಾ ಕಾರ್ಯಕ್ರಮ ಬಾಯಿ, ಸ್ತನ, ಗರ್ಭಕೊರಳುಗಳಿಗೆ ಸೀಮಿತವಾಗಿದ್ದು, ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಹೊಟ್ಟೆಯ ಪ್ರಶ್ನೆ ಬರುವುದಿಲ್ಲ. ಈ ಆಯ್ಕೆ ಅಂಕಿಸಂಖ್ಯೆಯ ದೃಷ್ಟಿಯಿಂದ ತಪ್ಪಲ್ಲ. ಆದರೆ ಹುರಿದು ಕಪ್ಪಾಗಿಸಿದ ತಂಬಾಕಿನ ಪುಡಿಯಾದ ಮಿಶ್ರಿಯಿಂದ ಹಲ್ಲುಜ್ಜುವ ರೂಢಿಯೂ ಎಲೆಅಡಿಕೆಯ ಜೊತೆಗೆ ತಂಬಾಕನ್ನು ದವಡೆಯಲ್ಲಿಡುವ ರೂಢಿಯೂ ಬಲವಾಗಿರುವ ಸೀಮೆಯಲ್ಲಿ, ಬಾಯಿಯನ್ನು ಹುಣ್ಣು ಮಾಡುವ ರಸವೇ ಅನ್ನನಾಳಕ್ಕೂ ಇಳಿಯುತ್ತದೆಂಬುದನ್ನು ಆ ಪಟ್ಟಿ ಮರೆಯುತ್ತದೆ. ಅನ್ನನಾಳದ ಗಂಟು ಸುದ್ದಿ ಕೊಡುವುದೇ ರೊಟ್ಟಿ ಇಳಿಯದಾದಾಗ, ಆಮೇಲೆ ಗಂಜಿಯೂ ಇಳಿಯದಾದಾಗ. ಅಷ್ಟರಲ್ಲಿ ನೀಲಿ ದಿಬ್ಬ ಏಳುವ ಹಂತ ಬಹಳ ಹಿಂದೆ ಕಳೆದಿರುತ್ತದೆ.

ಭಾಷೆಯ ತೊಡಕೂ ಇದರ ಒಂದು ಭಾಗ. ಮಿರಜದ ವಾರ್ಡಿನಲ್ಲಿ ಮಾತು ಮರಾಠಿ, ವರದಿ ಇಂಗ್ಲಿಷು, ಮನೆಯಲ್ಲಿ ಕನ್ನಡ. ಮಹಾರಾಷ್ಟ್ರದ ಜ್ಯೋತಿರಾವ್ ಫುಲೆ ಆರೋಗ್ಯ ಯೋಜನೆಯ ಸೌಲಭ್ಯಕ್ಕೆ ರೇಷನ್ ಕಾರ್ಡು ಆಧಾರವಾಗಿ ಬಂದುದರಿಂದ, ಮಾತು ಅರ್ಥವಾಗುವ ವಿಜಯಪುರ ಹಾಗೂ ಕಾರ್ಡು ನಡೆಯುವ ಮಿರಜಗಳ ನಡುವೆ ಉಮದಿ ಭಾಗದ ಕುಟುಂಬ ತೂಗಿ ನೋಡಬೇಕಾಗುತ್ತದೆ. ‘ದುರ್ಬೀನು ಹಾಕಿ ನೋಡ್ಯಾರ, ಗಂಟ ಐತಿ ಅಂದಾರ’ ಎಂಬ ಒಂದು ವಾಕ್ಯದಲ್ಲಿ ಸಾದಾ ಪಾಲಿಪ್ಪೂ ಆರಂಭಿಕ ಕ್ಯಾನ್ಸರೂ ಕೈಮೀರಿದ ಏಡಿಗಂತಿಯೂ ಒಂದೇ ಆಗಿಬಿಡುತ್ತವೆ. ಆಳವನ್ನು ಅಳೆಯುವ ವಿದ್ಯೆ ಮಿಲಿಮೀಟರಿಗೆ ಇಳಿದಿದ್ದರೂ ಆಳಕ್ಕೆ ತಕ್ಕ ಮಾತು ಇನ್ನೂ ಊರಿಗೆ ಬಂದಿಲ್ಲ.

ದೊಡ್ಡ ಗಂಟನ್ನು ತುಂಡುತುಂಡಾಗಿ ತೆಗೆದಿದ್ದರೆ ಆ ಜಾಗವನ್ನು ಮೂರರಿಂದ ಆರು ತಿಂಗಳೊಳಗೆ ಮತ್ತೆ ನೋಡಬೇಕೆಂಬುದು ನಿಯಮ. ಮಳೆ ಕೈಕೊಟ್ಟ ವರ್ಷಗಳಲ್ಲಿ ಜತ್ತದ ಹಳ್ಳಿಗಳಿಂದ ಗಂಡಹೆಂಡಿರ ಜೋಡಿಗಳು ಗುತ್ತಿಗೆದಾರನಿಂದ ಮುಂಗಡ ಪಡೆದು, ದೀಪಾವಳಿಯ ಹೊತ್ತಿಗೆ ಸಾಂಗಲಿ–ಕೊಲ್ಲಾಪುರದ ಕಡೆಗೆ ಕಬ್ಬು ಕಡಿಯಲು ಹೋಗಿ ಯುಗಾದಿಯ ಆಸುಪಾಸಿಗೆ ಮರಳುತ್ತವೆ. ದಸರೆಗೆ ಮುಂಚೆ ಗಂಟು ತೆಗೆಸಿಕೊಂಡವನ ಚೀಟಿಯಲ್ಲಿ ಬರೆದ ತಾರೀಖು ಬರುವುದು ಅವನು ಕಬ್ಬಿನ ಗದ್ದೆಯಲ್ಲಿ ಕೊಯ್ತ ಹಿಡಿದು ನಿಂತಿರುವ ಚಳಿಗಾಲದಲ್ಲಿ. ಆ ಗದ್ದೆಗಳಿಗೆ ಮಿರಜ ಜತ್ತಕ್ಕಿಂತ ಎಷ್ಟೋ ಹತ್ತಿರ. ಆದರೆ ಭೇದಿಪುಡಿ ಕುಡಿಯುವುದಕ್ಕೆ ಒಂದು ದಿನ, ಪರೀಕ್ಷೆಗೆ ಇನ್ನೊಂದು ದಿನ ಎಂದು ಕಬ್ಬು ಕಡಿಯುವ ಟೋಳಿಯಿಂದ ಎರಡು ದಿನದ ಬಿಡುವು ಪಡೆಯಬೇಕು, ಒಬ್ಬರು ಬಿಟ್ಟರೆ ಜೋಡಿಯ ಇಬ್ಬರ ಕೂಲಿಯೂ ಹೋಗುತ್ತದೆ, ಮುಂಗಡದ ಲೆಕ್ಕ ಹಾಗೆಯೇ ನಿಲ್ಲುತ್ತದೆ.